ಖಂಡೆ ಪೂಜೆಗೆ ಇಟ್ಟ ಬಂದೂಕು

ಲಂಡನ್ನಿನ ಕೆಂಟನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಗ್ಲಿಷ್ ಅಜ್ಜನಿಗಿಂತ ಮೊದಲು ಅವನ ನಾಯಿಯ ಪರಿಚಯವಾಯಿತು. ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಹೀಥ್ರೂ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಬೆಳಗಿನ ಶಿಫ್ಟ್ ಮುಗಿಸಿ ಮಧ್ಯಾಹ್ನ ಹಿತ್ತಿಲಲ್ಲಿ ಚಹಾ ಹಿಡಿದು ಕೂತರೆ, ಬೇಲಿಯ ಕೆಳಗಿನ ಸಂದಿಯಿಂದ ಒಂದು ಕಂದು ಮೂತಿ ತೂರಿ ಬಂದು ನನ್ನ ಬೂಟು ಮೂಸುತ್ತಿತ್ತು. ಒಂದು ದಿನ ಆ ನಾಯಿ ಮೈಯನ್ನೂ ತೂರಿಸಿಕೊಂಡು ಒಳಗೆ ಬಂತು. ಬಂದದ್ದೇ ನಮ್ಮ ಮೆಂತ್ಯದ ಮಡಿಯ ಆಚೆ ಕೂತಿದ್ದ ಪಾರಿವಾಳವನ್ನು ಕಂಡು ನಿಂತುಬಿಟ್ಟಿತು. ಒಂದು ಮುಂಗಾಲು ಮೇಲಕ್ಕೆ, ಬಾಲ ನೆಟ್ಟಗೆ, ಉಸಿರಾಟವೂ ಕಾಣದು. ನಾನೂ ಕಪ್ಪು ಕೆಳಗಿಡದೆ ಹಾಗೆಯೇ ಕೂತೆ. ಎರಡು ನಿಮಿಷವಾದರೂ ಇಬ್ಬರೂ ಅಲುಗಾಡಲಿಲ್ಲ.

ಬೇಲಿಯ ಮೇಲಿಂದ ಅಜ್ಜ ನೋಡುತ್ತಿದ್ದ. ಎತ್ತರದ ಆಳು, ಎಪ್ಪತ್ತೈದು ದಾಟಿದವನು, ಟ್ಯೂಬ್ ರೈಲಿನ ಹಳಿ ರಿಪೇರಿಯಲ್ಲಿ ದುಡಿದು ನಿವೃತ್ತನಾದವನು. ಮೂರು ವರ್ಷದಿಂದ ನಮಗೆ ಕೇವಲ 'ಗುಡ್ ಮಾರ್ನಿಂಗ್' ಹೇಳಿದ್ದ ಮನುಷ್ಯ ಅಂದು ಕೇಳಿದ: "ನಾಯಿ ನಿಂತಾಗ ಅಲುಗಾಡಬಾರದು ಅಂತ ನಿನಗೆ ಯಾರು ಹೇಳಿದರು?"

"ನಮ್ಮಪ್ಪ," ಅಂದೆ.

ಅಪ್ಪನಿಗೆ ನಾಯಿ ಇರಲಿಲ್ಲ. ವಿಜಾಪುರದ ಕಡೆ ಜೋಳದ ಹೊಲಗಳಲ್ಲಿ ಅವನು ಬುರ್ಲಿ ಹೊಡೆಯಲು ಹೋಗುವಾಗ ಮಕ್ಕಳಾದ ನಾವೇ ನಾಯಿ. ಸಾಲು ಹಿಡಿದು ಮುಂದೆ ಮುಂದೆ ಹೋಗಿ, ಮುಷ್ಟಿಯಷ್ಟು ದೊಡ್ಡ ಆ ಹಕ್ಕಿಯನ್ನು ಎಬ್ಬಿಸಿ, ತಕ್ಷಣ ನೆಲಕ್ಕೆ ಬಿದ್ದು ಅಲುಗಾಡದೆ ಇರಬೇಕು. ಇದನ್ನು ಹೇಳಿದಾಗ ಅಜ್ಜ ಬಹಳ ಹೊತ್ತು ನಕ್ಕ. ತನ್ನ ನಾಯಿ ಜರ್ಮನ್ ತಳಿಯದು, ಹಕ್ಕಿಯ ವಾಸನೆ ಹಿಡಿದು ನಿಲ್ಲುತ್ತದೆ, ಬಿದ್ದದ್ದನ್ನು ಹುಡುಕಿ ತಂದೂ ಕೊಡುತ್ತದೆ, ನಿನಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂದ. ಮುಂದಿನ ಶನಿವಾರ ನಾನು ಅವನ ಕಾರಿನಲ್ಲಿದ್ದೆ.

ಲಂಡನ್ನಿನಲ್ಲಿ ಬೇಟೆಯೇ ಅಂತ ಊರಿನವರು ಕೇಳುತ್ತಾರೆ. ಪಿನ್ನರ್ ದಾಟಿ ಪಶ್ಚಿಮಕ್ಕೆ ಹೋದರೆ ಹೇರ್‌ಫೀಲ್ಡ್ ಸುತ್ತ ಇನ್ನೂ ಗೋಧಿ ಹೊಲಗಳಿವೆ. ಲಂಡನ್ನಿನ ಎಲ್ಲೆಯೊಳಗೇ ಇವೆ. ಅಲ್ಲಿನ ಒಬ್ಬ ರೈತ ಅಜ್ಜನ ಹಳೆಯ ಸ್ನೇಹಿತ. ಕುಯ್ಲಾದ ಮೇಲೆ ಕೂಳೆ ನಿಂತ ಹೊಲದಲ್ಲಿ ಕೌಜುಗ ಹೊಡೆಯಲು ಅವನ ಅನುಮತಿಯಿತ್ತು. ಬುರ್ಲಿಯನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಈ ದೇಶದಲ್ಲಿ ಅದು ಅಪರೂಪ, ಕಾನೂನೇ ಕಾಯುತ್ತದೆ. ಒಂದು ಸೆಪ್ಟೆಂಬರಿನಲ್ಲಿ ನಾಯಿ ನಿಂತು, ನನ್ನ ಕಾಲ ಬಳಿಯಿಂದಲೇ ಒಂದು ಪುಟ್ಟ ಹಕ್ಕಿ ಎದ್ದಿತು. ಇಪ್ಪತ್ತೈದು ವರ್ಷದ ಮೇಲೆ ಅದೇ ರೆಕ್ಕೆಯ ಸದ್ದು. ನನ್ನ ಕೈ ತಾನಾಗಿ ಅಜ್ಜ ಕೊಟ್ಟಿದ್ದ ಬಂದೂಕನ್ನು ಭುಜಕ್ಕೆ ಏರಿಸಿತು. "ಬೇಡ," ಅಂದ ಅಜ್ಜ ಹಿಂದಿನಿಂದ. ಇಳಿಸಿದೆ. ಅವನು ಮೆಚ್ಚಿದ್ದು ನಾನು ಹೊಡೆದ ಯಾವ ಹಕ್ಕಿಯನ್ನೂ ಅಲ್ಲ, ಅದನ್ನು. ವರ್ಷಗಟ್ಟಲೆ ಹೇಳುತ್ತಿದ್ದ.

ಆ ಬಂದೂಕು ಅವನಪ್ಪನದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಮಹಾಯುದ್ಧಕ್ಕಿಂತ ಮುಂಚೆ ಮಾಡಿದ್ದು. ಪಕ್ಕಪಕ್ಕ ಎರಡು ನಳಿಗೆ, ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಎರಡು ಕುದುರೆ, ಕೈ ತಾಗಿ ತಾಗಿ ಕಪ್ಪಾದ ಅಕ್ರೋಟ ಮರದ ಹಿಡಿ. ಈಗಿನ ಜೋರು ತೋಟಾ ಅದಕ್ಕೆ ಹಾಕುವಂತಿಲ್ಲ. ಎರಡೂವರೆ ಇಂಚಿನ ಹಗುರ ತೋಟಾವನ್ನೇ ಹುಡುಕಿ ತರಬೇಕು. ಮನೆಗೆ ಬಂದ ಮೇಲೆ ಅಜ್ಜ ತನ್ನ ಹಳೆಯ ಪೈಜಾಮದ ತುಂಡಿಗೆ ಎಣ್ಣೆ ಹಚ್ಚಿ ನಳಿಗೆ ಒರೆಸುತ್ತಿದ್ದ. ಆ ಕೆಲಸ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ನಾಯಿಯದೂ ಅದೇ ಹಟ. ಹಕ್ಕಿ ಯಾರೇ ಹೊಡೆಯಲಿ, ತಂದು ಕೊಡುವುದು ಅಜ್ಜನ ಅಂಗೈಗೇ.

ಹಕ್ಕಿ ಮಾತ್ರ ನಮ್ಮ ಅಡಿಗೆಮನೆಗೆ ಬರುತ್ತಿತ್ತು. ನನ್ನ ಹೆಂಡತಿ ಕೆಂಪು ಖಾರ, ಒಣಕೊಬ್ಬರಿ, ಎಳ್ಳು ಹುರಿದು ರುಬ್ಬಿ ಸಾರು ಮಾಡುತ್ತಿದ್ದಳು. ಅಜ್ಜ ಜೋಳದ ರೊಟ್ಟಿ ಮುರಿದು ಅದ್ದಿಕೊಂಡು, ಮುಖ ಬೆವರಿ ಟೊಮೆಟೊ ಆಗುವ ತನಕ ತಿಂದು, ಇನ್ನೂ ಸ್ವಲ್ಪ ಎಂದು ತಟ್ಟೆ ಮುಂದೆ ಮಾಡುತ್ತಿದ್ದ. "ಅಜ್ಜಾರ ಹೊಟ್ಟಿ ನಮ್ಮ ಕಡೀದು ಐತಿ ಬಿಡ್ರಿ," ಅನ್ನುತ್ತಿದ್ದಳು ಇವಳು.

ನೀನೂ ಬಂದೂಕಿನ ಲೈಸೆನ್ಸ್ ಮಾಡಿಸಿಕೋ ಅಂತ ನನ್ನ ಹಿಂದೆ ಬಿದ್ದವನು ಅಜ್ಜನೇ. ಅರ್ಜಿ ಹಾಕಿದ ಮೇಲೆ ಪೊಲೀಸ್ ಕಚೇರಿಯಿಂದ ಒಬ್ಬ ಸಾಹೇಬರು ಮನೆ ನೋಡಲು ಬಂದರು. ಮಾತು ಕಡಿಮೆ, ಕಣ್ಣು ಚುರುಕು. ಮೆಟ್ಟಿಲ ಕೆಳಗಿನ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಸ್ಟೀಲ್ ಕಪಾಟನ್ನು ಜಗ್ಗಿ ನೋಡಿದರು. ಬಂದೂಕು ಇದರೊಳಗೇ ಇರಬೇಕು, ಕೀಲಿಕೈ ನಿಮ್ಮೊಬ್ಬರ ಹತ್ತಿರವೇ ಇರಬೇಕು, ಹೆಂಡತಿಗೂ ಸಿಗಬಾರದು ಅಂದರು. "ಎಲ್ಲಿಡುತ್ತೀರಿ?" ಅಂತ ಕೇಳಿದರು. ನಾನು ಅಂಗಿ ಎತ್ತಿ ಸೊಂಟದ ಉಡದಾರ ತೋರಿಸಿದೆ. ಕೀಲಿಕೈ ಅದಕ್ಕೇ ಕಟ್ಟಿತ್ತು. ಸ್ನಾನ ಮಾಡುವಾಗಲೂ ಬಿಚ್ಚುವುದಿಲ್ಲ ಅಂದೆ. ಸಾಹೇಬರು ಅದನ್ನು ನಗದೆ ಬರೆದುಕೊಂಡರು. ಲೈಸೆನ್ಸ್ ಬಂತು.

ಐದು ವರ್ಷ ಕಳೆಯಿತು. ಅಜ್ಜನ ಕಣ್ಣು ಮಂಜಾಗುತ್ತಾ ಬಂತು, ಮೊಣಕಾಲು ಹೋಯಿತು. ಆ ವರ್ಷದ ವಸಂತದಲ್ಲಿ ಅವನು ಪಿನ್ನರ್‌ನ ಒಂದು ವೃದ್ಧರ ಆರೈಕೆ ಮನೆಗೆ ಸೇರಿದ. ಮಕ್ಕಳಿಲ್ಲದ ಮನುಷ್ಯ. ಬಂದೂಕನ್ನು ಕಾಗದಪತ್ರ ಮಾಡಿಸಿ ನನ್ನ ಹೆಸರಿಗೆ ಕೊಟ್ಟ. ನಾಯಿಯನ್ನೂ ಕೊಟ್ಟ. ಬದಲಿಗೆ ಒಂದೇ ಕೇಳಿದ: "ಅಕ್ಟೋಬರಿನಲ್ಲಿ ಒಂದು ದಿನ ನನ್ನನ್ನು ಹೊಲದ ಗೇಟಿನ ತನಕ ಕರೆದುಕೊಂಡು ಹೋಗು. ಕಾಣದಿದ್ದರೂ ಪರವಾಗಿಲ್ಲ, ಅದರ ಸದ್ದು ಇನ್ನೊಮ್ಮೆ ಕೇಳಬೇಕು." ಆರೈಕೆ ಮನೆಯವರನ್ನು ಒಪ್ಪಿಸಿ ದಿನ ಗೊತ್ತುಮಾಡಿದೆ. ದಸರೆಯ ಮರುದಿನ, ಶನಿವಾರ.

ಅದೇ ವಾರ ನನ್ನ ಲೈಸೆನ್ಸ್ ನವೀಕರಣದ ಭೇಟಿಯೂ ಇತ್ತು. ಆ ಸಾಹೇಬರೇ ಫೋನ್ ಮಾಡಿ ಶುಕ್ರವಾರ ಆಗುತ್ತದೆಯೇ ಅಂತ ಕೇಳಿದಾಗ, ಗದ್ದಲದ ಶೆಡ್ಡಿನಲ್ಲಿ ನಿಂತು ಆಗುತ್ತದೆ ಅಂದಿದ್ದವನು ನಾನೇ. ಆಮೇಲೆ ಅದು ನನ್ನ ತಲೆಯಿಂದ ಪೂರ್ತಿ ಅಳಿಸಿಹೋಯಿತು.

ಗುರುವಾರ ಮಹಾನವಮಿ. ನಮ್ಮ ಕಡೆ ಅಂದು ಖಂಡೆ ಪೂಜೆ, ಅಂದರೆ ಆಯುಧಪೂಜೆ. ಅಪ್ಪ ಆ ದಿನ ಬಂದೂಕನ್ನು ಕುಡಗೋಲು, ಕೊಡಲಿಗಳ ಜೊತೆ ಮಣೆಯ ಮೇಲೆ ಇಟ್ಟು ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದ. ಲಂಡನ್ನಿಗೆ ಬಂದ ಮೇಲೆ ನಾವು ಈಳಿಗೆ, ಸ್ಕ್ರೂಡ್ರೈವರು, ಕಾರಿನ ಕೀಲಿಕೈ ಇಟ್ಟು ಮುಗಿಸುತ್ತಿದ್ದೆವು. ಆ ವರ್ಷ ಮೊದಲ ಸಲ ಮನೆಯಲ್ಲಿ ನನ್ನದೆನ್ನುವ ಬಂದೂಕಿತ್ತು. ನಾನೇ ಕಪಾಟು ತೆಗೆದೆ. ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಮುಂದಿನ ಕೋಣೆಯಲ್ಲಿ ದೇವರ ಮುಂದಿನ ಮಣೆಯ ಮೇಲೆ ಮಲಗಿಸಿದೆ. ಹಿಡಿಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವಿನ ಮಾಲೆ. ಕೈ ಮುಗಿದಾಗ ಅಪ್ಪನ ನೆನಪಾಯಿತು.

ಪೂಜೆ ಮುಗಿದು ಊಟವಾದ ಮೇಲೆ ಬಂದೂಕು ಎತ್ತಲು ಹೋದೆ. ಹೆಂಡತಿ ಕೈ ಅಡ್ಡ ಹಿಡಿದಳು. "ಪೂಜಾ ಮಾಡಿದ ಖಂಡೇನ ಬನ್ನಿ ಮುಡಿಯೂತನ ಎತ್ತಂಗಿಲ್ರೀ. ನಿಮ್ಮ ಮನ್ಯಾಗ ಇದ ಪದ್ಧತಿ ಅಂತ ನೀವ ಹೇಳಿದ್ರಿ."

ಹೇಳಿದ್ದು ಹೌದು. ಪೂಜೆಗೆ ಕೂತ ಹತಾರು ಮರುದಿನ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವವರೆಗೆ ವಿಶ್ರಾಂತಿಯಲ್ಲಿರಬೇಕು. ಅಪ್ಪನೂ ಮುಟ್ಟುತ್ತಿರಲಿಲ್ಲ. ಒಂದು ರಾತ್ರಿಯ ಮಾತಲ್ಲವೇ, ನಾಳೆ ಮಧ್ಯಾಹ್ನ ಬಂದು ಎತ್ತಿಟ್ಟರಾಯಿತು ಅಂದುಕೊಂಡೆ. ಬೆಳಗಿನ ಐದಕ್ಕೆ ಶಿಫ್ಟಿಗೆ ಹೋದೆ.

ಮಧ್ಯಾಹ್ನ ಬಂದಾಗ ಮಣೆಯ ಮೇಲೆ ಈಳಿಗೆ ಇತ್ತು, ಸ್ಕ್ರೂಡ್ರೈವರು ಇತ್ತು, ಚೆಂಡುಹೂವಿನ ಮಾಲೆ ಇತ್ತು. ಬಂದೂಕು ಇರಲಿಲ್ಲ. ಹೆಂಡತಿ ಸೋಫಾದ ಅಂಚಿನಲ್ಲಿ ಒಂದು ಕಾಗದ ಹಿಡಿದು ಕೂತಿದ್ದಳು. ಸಾಹೇಬರು ಬರೆದುಕೊಟ್ಟ ರಸೀದಿ.

"ಹತ್ತಕ್ಕ ಬಂದ್ರು. ಬೂಟ್ ತೆಗೀರಿ ಅಂದೆ, ತೆಗೆದ್ರು. ದೇವ್ರ ಮುಂದ ಬಂದೂಕ ನೋಡಿದ್ರು. ಹಬ್ಬದ ದಿನ ಬಂದಾರಂತ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಅಂತ ಇಂಗ್ಲಿಷ್ನ್ಯಾಗ ಹೇಳಿದೆ. ಎಲೀ ತಮ್ಮ ನೋಟ್‌ಬುಕ್ಕಿನ್ಯಾಗ ಇಟ್ಕೊಂಡ್ರು. ಆಮ್ಯಾಲ ಕೇಳಿದ್ರು, ಇದನ್ನ ಹೊರಗ ತೆಗೆದವ್ರು ಯಾರು ಅಂತ. ನಿಮ್ಮ ಮ್ಯಾಲ ಬರಬಾರ್ದು ಅಂತ, ನಾನ ತೆಗೆದೆ ಅಂದೆ."

"ಕೀಲಿಕೈ ನನ್ನ ಸೊಂಟದಾಗ ಐತಿ. ನೀ ಹ್ಯಾಂಗ ತೆಗೀತಿ?"

"ಅದನ್ನ ಅವ್ರೂ ಕೇಳಿದ್ರು," ಅಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದಂತೆ ಬೈದೆ. ಪದ್ಧತಿಗೆ ಬೈದೆ, ಬನ್ನಿಗೆ ಬೈದೆ, ಅವಳ ಸುಳ್ಳಿಗೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು ಹೇಳಿದಳು: "ಎತ್ತಬ್ಯಾಡ್ರಿ ಅಂದದ್ದು ನಾ, ಖರೆ. ಸಾಹೇಬ್ರನ್ನ ಇವತ್ತ ಬರ್ರಿ ಅಂದವ್ರು ನೀವು."

ಸಾಹೇಬರಿಗೆ ಫೋನ್ ಮಾಡಿದೆ. ಅವರು ಕೂಗಾಡಲಿಲ್ಲ. ನಿಮ್ಮ ಹಬ್ಬದ ಬಗ್ಗೆ ನನ್ನ ತಕರಾರಿಲ್ಲ, ಆದರೆ ಬಂದೂಕು ಕಪಾಟಿನ ಹೊರಗಿತ್ತು, ನೀವು ಮನೆಯಲ್ಲಿರಲಿಲ್ಲ, ಪರಿಶೀಲನೆ ಮುಗಿಯುವ ತನಕ ಅದು ನಮ್ಮಲ್ಲಿರುತ್ತದೆ, ಲೈಸೆನ್ಸ್ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆ ಅಂದರು. ಎಲ್ಲ ನ್ಯಾಯವಾಗಿಯೇ ಇತ್ತು. ನ್ಯಾಯವಾಗಿದ್ದದ್ದೇ ಹೆಚ್ಚು ಉರಿಸಿತು.

ಮರುದಿನ ಶನಿವಾರ. ಅಜ್ಜನಿಗೆ ಏನು ಹೇಳಲಿ? ತಿಂಗಳಿಂದ ದಿನ ಎಣಿಸುತ್ತಿದ್ದ ಮನುಷ್ಯ. ಅವನಪ್ಪನ ಬಂದೂಕು, ಆರು ತಿಂಗಳೂ ನನ್ನ ಕೈಯಲ್ಲಿ ಉಳಿಯಲಿಲ್ಲ ಅಂತ ಹೇಳಲೇ? ಹೇಳುವ ಧೈರ್ಯ ಬರಲಿಲ್ಲ. ಬೆಳಿಗ್ಗೆ ಬಂದೂಕಿನ ಖಾಲಿ ಚೀಲ ಕೈಗೆ ತೆಗೆದುಕೊಂಡರೆ ಸತ್ತ ಹಾವಿನ ಹಾಗೆ ಜೋತುಬಿತ್ತು. ಹೆಂಡತಿ ಸ್ನಾನಕ್ಕೆ ಹೋದಾಗ ಮಲಗುವ ಕೋಣೆಯ ಕರ್ಟನ್ ರಾಡ್ ಕಳಚಿ ಚೀಲದೊಳಗೆ ತೂರಿಸಿ ಜಿಪ್ ಎಳೆದೆ. ನಲವತ್ತೈದು ದಾಟಿದ ಗಂಡಸು ಮಾಡುವ ಕೆಲಸವೇ ಅದು?

ಅಜ್ಜ ಟೈ ಕಟ್ಟಿಕೊಂಡು ಆರೈಕೆ ಮನೆಯ ಬಾಗಿಲಲ್ಲಿ ಕಾಯುತ್ತಿದ್ದ. ಕೋಟಿನ ಜೇಬಿನಲ್ಲಿ ಎಣ್ಣೆ ಹಚ್ಚಿದ ಆ ಪೈಜಾಮದ ತುಂಡಿತ್ತು, ವಾಸನೆ ಬರುತ್ತಿತ್ತು. ಹೊಲದ ಗೇಟಿನ ಬಳಿ ಮಡಚುವ ಕುರ್ಚಿ ಹಾಕಿ, ಮೊಣಕಾಲಿಗೆ ಕಂಬಳಿ ಹೊದಿಸಿ ಕೂರಿಸಿದೆ. ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾಯಿಯ ಹಿಂದೆ ಕೂಳೆಗೆ ಇಳಿದೆ. ಹತ್ತು ಹೆಜ್ಜೆಯಾಚೆ ಅವನಿಗೆ ನಾನೊಂದು ನೆರಳು ಮಾತ್ರ ಅಂತ ಗೊತ್ತಿತ್ತು. ಹಕ್ಕಿಯೇ ಸಿಗಲಿಲ್ಲ ಅಂದುಬಿಟ್ಟರೆ ಮುಗಿಯಿತು ಅನ್ನುವುದು ನನ್ನ ಲೆಕ್ಕಾಚಾರ.

ನಾಯಿಗೆ ಆ ಲೆಕ್ಕಾಚಾರ ಗೊತ್ತಿರಲಿಲ್ಲ. ಆಗ ಅದಕ್ಕೆ ಹತ್ತು ವರ್ಷ. ಆದರೂ ಗಾಳಿಗೆ ಮೂಗೊಡ್ಡಿ ಹೊಲವನ್ನು ಆ ಅಂಚಿನಿಂದ ಈ ಅಂಚಿಗೆ ಹೊಲಿಗೆ ಹಾಕಿದ ಹಾಗೆ ಓಡಿ, ಇನ್ನೂರು ಗಜ ದೂರದಲ್ಲಿ ತಟ್ಟನೆ ನಿಂತಿತು. ಅಷ್ಟು ಚಂದ ಅದು ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹತ್ತಿರ ಹೋದೆ. ಎಂಟು ಕೌಜುಗ ಒಟ್ಟಿಗೆ ಎದ್ದು, ತಗ್ಗಾಗಿ ಬೇಲಿ ದಾಟಿ ಹೋದವು. ನಾಯಿ ಸದ್ದಿಗಾಗಿ ಕಾದಿತು. ಆಮೇಲೆ ತಿರುಗಿ ನನ್ನ ಮುಖ ನೋಡಿತು. ಬಿದ್ದಿರಬಹುದು ಅಂತ ಕೂಳೆಯಲ್ಲೆಲ್ಲ ಹುಡುಕಿ, ಏನೂ ಸಿಗದೆ ಗೇಟಿನ ಕಡೆ ಓಡಿತು. ಅಜ್ಜ ಅಂಗೈ ಚಾಚಿದ್ದ. ಅದು ಬರಿಯ ಬಾಯನ್ನು ಅವನ ಅಂಗೈಯಲ್ಲಿಟ್ಟಿತು.

"ಹಕ್ಕಿ ಎದ್ದವೇ?" ಅಂತ ಕೇಳಿದ, ನಾನು ಹತ್ತಿರ ಬಂದಾಗ.

"ಇಲ್ಲ."

"ನಡುಗುತ್ತಿದೆ ಇದು. ಹಕ್ಕಿ ಏಳದೆ ಇದು ನಡುಗುವುದಿಲ್ಲ."

"ಎದ್ದವು. ತಗ್ಗಾಗಿ ಹೋದವು. ಆ ಕಡೆ ರಸ್ತೆ ಇತ್ತು, ಅದಕ್ಕೇ ಹೊಡೆಯಲಿಲ್ಲ."

ಅಜ್ಜನ ಮುಖ ಅರಳಿತು. "ಸರಿಯಾಗಿ ಮಾಡಿದೆ. ಬುರ್ಲಿಯ ದಿನವೂ ಹಾಗೇ ಮಾಡಿದೆ. ಅದಕ್ಕೇ ಇದನ್ನು ನಿನಗೆ ಕೊಟ್ಟದ್ದು," ಅಂದ. ಜೇಬಿನಿಂದ ಬಟ್ಟೆ ತೆಗೆದ. "ತಾ ಇಲ್ಲಿ, ಒರೆಸುತ್ತೇನೆ."

"ಹೊಡೆದೇ ಇಲ್ಲವಲ್ಲ, ಯಾಕೆ?"

"ಮಂಜು ಬಿದ್ದಿದೆ. ತಾ."

ಚೀಲ ಅವನ ತೊಡೆಯ ಮೇಲೆ ಇಟ್ಟೆ. ಬೇರೆ ದಾರಿ ಇರಲಿಲ್ಲ. ಅವನು ಜಿಪ್ ಎಳೆದು ಕೈ ಒಳಗೆ ಹಾಕಿದ. ಬೆರಳು ರಾಡಿನ ಉದ್ದಕ್ಕೂ ಹೋಗಿ, ತುದಿಯ ಹಿತ್ತಾಳೆ ಗುಂಡಿಯ ಮೇಲೆ ನಿಂತಿತು. ಅದನ್ನು ಎರಡು ಸಲ ತಿರುಗಿಸಿ ನೋಡಿದ. ಜಿಪ್ ಮುಚ್ಚಿ, "ಎಲ್ಲಿದೆ?" ಅಂದ.

ಎಲ್ಲ ಹೇಳಿದೆ. ಖಂಡೆ ಪೂಜೆ, ಕುಂಕುಮ, ವಿಶ್ರಾಂತಿಯ ಪದ್ಧತಿ, ಸಾಹೇಬರು, ರಸೀದಿ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಹುಡುಗನದಾಗಿ ಕೇಳಿಸಿತು. ಅಜ್ಜ ಪೂರ್ತಿ ಕೇಳಿ, "ಆ ಕೆಂಪು ಪುಡಿಯನ್ನು ಕಪಾಟಿನ ಬಾಗಿಲಿಗೆ ಹಚ್ಚಿದ್ದರೆ ಆಗುತ್ತಿರಲಿಲ್ಲವೇ?" ಅಂದ. ಈ ಸುಲಭದ ಮಾತು ನನಗಾಗಲಿ ಹೆಂಡತಿಗಾಗಲಿ ಹೊಳೆದಿರಲಿಲ್ಲ.

ಆರೈಕೆ ಮನೆಯ ಬಾಗಿಲಲ್ಲಿ ನನ್ನ ತೋಳು ಹಿಡಿದು ಕಾರಿನಿಂದ ಇಳಿಯುತ್ತಾ ಅಜ್ಜ ಹೇಳಿದ: "ಪೂಜೆ ಮಾಡಿದ್ದು ತಪ್ಪಲ್ಲ. ಬಂದೂಕು ಹೋಗಿದೆ, ಬಂದರೂ ಬಂದೀತು. ಆ ರಾಡ್ ತಂದೆಯಲ್ಲ, ಅದು ನನಗೆ ಹಿಡಿಸಲಿಲ್ಲ." ನಾಯಿಯ ತಲೆ ಸವರಿ ಒಳಗೆ ಹೋದ.

ಆಮೇಲೂ ಪ್ರತಿ ಭಾನುವಾರ ನಾಯಿಯನ್ನು ಅಜ್ಜನ ಬಳಿ ಕರೆದುಕೊಂಡು ಹೋಗುತ್ತಿದ್ದೆ. ನಾಯಿಯೊಡನೆ ಮಾತಾಡುತ್ತಿದ್ದ, ನನ್ನೊಡನೆ ಹವಾಮಾನದ ಮಾತು. ಬಂದೂಕಿನ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ರಿಸ್ಮಸ್ ಇನ್ನೂ ಎರಡು ವಾರವಿದೆ ಅನ್ನುವಾಗ ನ್ಯುಮೋನಿಯಾ ಆಗಿ ತೀರಿಕೊಂಡ. ಅವನು ಕೇಳಬೇಕೆಂದಿದ್ದ ಸದ್ದು ಕೇಳದೆಯೇ ಹೋದ, ನನ್ನ ದೆಸೆಯಿಂದ.

ಇತ್ತ ಮಲಗುವ ಕೋಣೆಯ ಪರದೆ ದಾರದ ಮೇಲೆ ತೂಗುತ್ತಿತ್ತು. "ರಾಡ್ ಎಲ್ಲಿ ಹೋತ್ರಿ? ಕಾಲ್ ಬಂದು ಎದ್ದು ಹೋಗೂವಂಥಾದ್ದಲ್ಲ ಅದು," ಅಂತ ಹೆಂಡತಿ ಕೇಳಿದಾಗಲೆಲ್ಲ ನನಗೇನು ಗೊತ್ತು ಅನ್ನುತ್ತಿದ್ದೆ. ಒಮ್ಮೆ ಕಳ್ಳರು ಒಯ್ದಿರಬೇಕು ಅಂತಲೂ ಅಂದೆ. ಚೀಲ ಮೆಟ್ಟಿಲ ಕೆಳಗೆ ಬಿದ್ದಿತ್ತು. ಅದನ್ನು ತೆರೆಯಲು ಕೈ ಹೋಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ, ಕೌಜುಗದ ಕಾಲ ಮುಗಿದ ಮೇಲೆ, ಸಾಹೇಬರು ಫೋನ್ ಮಾಡಿ ಚೀಲ ತೆಗೆದುಕೊಂಡು ಕಚೇರಿಗೆ ಬನ್ನಿ ಅಂದರು. ಬಂದೂಕು ಸಿಗುವ ಆತುರದಲ್ಲಿ ಚೀಲವನ್ನು ತೆರೆಯದೆ ಹಾಗೆಯೇ ಎತ್ತಿಕೊಂಡು ಹೋದೆ. ಅವರ ಮೇಜಿನ ಮೇಲೆ ಬಂದೂಕಿತ್ತು. ಹಿಡಿಯ ಗೆರೆಗಳಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಲೈಸೆನ್ಸ್ ರದ್ದು ಮಾಡುವುದಿಲ್ಲ, ಎಚ್ಚರಿಕೆಯ ಪತ್ರ ಕೊಡುತ್ತೇವೆ, ಇನ್ನೊಮ್ಮೆ ಹೀಗಾದರೆ ಕ್ಷಮೆ ಇಲ್ಲ ಅಂದರು. ಆಮೇಲೆ ಫೈಲಿನಿಂದ ಒಂದು ಕಾಗದ ತೆಗೆದರು. ನವೆಂಬರಿನಲ್ಲಿ ಬಂದದ್ದು. ಆರೈಕೆ ಮನೆಯ ನರ್ಸ್ ಬರೆದುಕೊಟ್ಟಿದ್ದಳು, ಕೆಳಗೆ ಅಜ್ಜ ಸಹಿ ಹಾಕಿದ್ದ.

ಸಾಹೇಬರು ಅದನ್ನು ಓದಿದರು: ಬಂದೂಕು ನನ್ನ ತಂದೆಯದು, ಇವನಿಗೆ ಯೋಚಿಸಿಯೇ ಕೊಟ್ಟೆ. ನಡೆದದ್ದನ್ನು ಇವನು ನಾನು ಕೇಳುವ ಮೊದಲೇ ತಾನಾಗಿ ಬಂದು ನನಗೆ ಹೇಳಿದ. ಇವನು ನನ್ನೆದುರು ಒಂದು ಸುಳ್ಳನ್ನೂ ಆಡಿದವನಲ್ಲ.

"ಹಾಗೇ ಆಯಿತೇ?" ಅಂತ ಕೇಳಿದರು.

"ಹೌದು," ಅಂದೆ. ಸತ್ತವನನ್ನು ಸುಳ್ಳುಗಾರ ಅನ್ನಲು ನಾಲಿಗೆ ಏಳಲಿಲ್ಲ. ಬಂದೂಕೂ ಬೇಕಾಗಿತ್ತು, ಅದೂ ನಿಜ.

"ಚೀಲ ಕೊಡಿ." ಅವರೇ ಜಿಪ್ ಎಳೆದರು. ಹಿತ್ತಾಳೆ ಗುಂಡಿ ಮೊದಲು ಹೊರಬಂತು. ಸಾಹೇಬರು ರಾಡನ್ನು ಪೂರ್ತಿ ಹೊರಗೆಳೆದು, ಮೇಜಿನ ಮೇಲೆ ಬಂದೂಕಿನ ಪಕ್ಕದಲ್ಲಿ ಇಟ್ಟರು. ಎರಡೂ ಹತ್ತಿರಹತ್ತಿರ ಒಂದೇ ಉದ್ದ. ನನ್ನ ಕಡೆ ನೋಡಿದರು.

ಇನ್ನೊಮ್ಮೆ ಆ ರಾಡಿನ ಮುಂದೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಅಜ್ಜ ಬರೆಸಿದ್ದು ನಿಜವಲ್ಲ, ನಾನಾಗಿ ಹೇಳಲಿಲ್ಲ, ಇದನ್ನು ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ, ಅವನೇ ಬೆರಳಿನಿಂದ ಮುಟ್ಟಿ ಕಂಡುಹಿಡಿದ ಅಂದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಸಾಹೇಬರು ಕಾಗದವನ್ನು ಇನ್ನೊಮ್ಮೆ ಮೊದಲಿನಿಂದ ಕೊನೆಯ ತನಕ ಓದಿ, ಮಡಚಿ, ಫೈಲಿನಲ್ಲಿಟ್ಟು ಮುಚ್ಚಿದರು.

"ನನ್ನ ಹತ್ತಿರ ಇರುವುದು ಅವರ ಹೇಳಿಕೆ," ಅಂದರು. ಬಂದೂಕನ್ನು ಚೀಲದೊಳಗಿಟ್ಟು ನನ್ನ ಕಡೆ ಸರಿಸಿದರು. ರಾಡನ್ನು ಬೇರೆಯಾಗಿ ಕೈಗೆ ಕೊಟ್ಟರು.

ಮನೆಗೆ ಬಂದು ಬಂದೂಕನ್ನು ಕಪಾಟಿನಲ್ಲಿಟ್ಟು, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿದೆ. ಆಮೇಲೆ ಕುರ್ಚಿ ಹತ್ತಿ ರಾಡ್ ಸಿಕ್ಕಿಸಿ ಪರದೆ ಹಾಕುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಎಲ್ಲಿ ಸಿಕ್ಕಿತ್ರಿ ಇದು?"

"ಪೊಲೀಸ್ ಕಚೇರ್ಯಾಗ," ಅಂದೆ.

ನಾಲ್ಕು ತಿಂಗಳಲ್ಲಿ ಆ ರಾಡಿನ ಬಗ್ಗೆ ನಾನು ಅವಳಿಗೆ ಹೇಳಿದ ಮೊದಲ ನಿಜ ಅದು. ಅವಳು ನಂಬಲಿಲ್ಲ.